ಐದು ತಂತಿಯಲ್ಲಿ ಅಕ್ಕನ ನಡಿಗೆ

ಕನ್ನಡಕದ ಅಂಗಡಿ, ಒಳಕೋಣೆ
ಸೆಪ್ಟೆಂಬರ್ 4

ಬಾಮೈದ ಗುಂಡನಿಗೆ,

ಪೆಟ್ಟಿಗೆ ಬಂತು. ಬಸ್ಸಿನ ಕ್ಲೀನರ್ ಅದನ್ನ ಎದೆಗವಚಿಕೊಂಡು ಬಂದು, "ಅಲ್ಲಾಡಿಸಿದ್ರೆ ಒಳಗೆ ಯಾರೋ ಕುಂಯ್ ಅಂತಾರೆ ಸಾರ್" ಅಂದ. ಬಿಚ್ಚಿ ನೋಡಿದ್ರೆ ನಿನ್ನದೇ ಬ್ಯಾಂಜೋ. ನಾನು ಕೇಳಿದ್ದು ಹಳೇದು ಎಲ್ಲಾದ್ರೂ ಸಿಕ್ಕರೆ ನೋಡು ಅಂತ ಕಣಯ್ಯ. ಡೋಲಿನ ಹಾಗೆ ಬಿಗಿದ ಆ ದುಂಡು ಚರ್ಮದ ಮೇಲೆ ನಿಮ್ಮಕ್ಕ ಟೀ ಚೆಲ್ಲಿದ ಕಲೆ ಕೂಡ ಹಾಗೇ ಇದೆ. ಹೊಸದು ತಗೊಂಡಿದ್ದೀನಿ, ಇದು ಮೂಲೇಲಿ ಬಿದ್ದಿತ್ತು ಅಂತ ಬರೆದಿದ್ದೀಯ. ಸರಿ, ನಂಬಿದೆ. ಆದರೆ ಬಾಮೈದ ಭಾವನಿಗೆ ಟೈಪ್ ಮಾಡಿದ ಕಾಗದ ಕಳಿಸೋದು ಯಾವ ಸೀಮೆ ಮರ್ಯಾದೆ? ನನಗೇನೋ ನೋಟೀಸ್ ಬಂತು ಅಂತ ಎದೆ ಧಸಕ್ ಅಂತು.

ಈಗ ಗುಟ್ಟು ಕೇಳು. ನಿಮ್ಮಕ್ಕ ಫೆಬ್ರವರಿ ಕೊನೇ ದಿನ ಬಸ್ ಡಿಪೋದ ಟೈಮ್ ಕೀಪರ್ ಕುರ್ಚಿ ಬಿಡ್ತಾಳೆ. ಡ್ರೈವರುಗಳು ಬೀಳ್ಕೊಡುಗೆ ಸಭೆ ಮಾಡ್ತಾರಂತೆ. ಆವತ್ತು ನಾನು ಎದ್ದು ನಿಂತು, ನೀನು ಹುಡುಗನಾಗಿದ್ದಾಗ ಅವಳ ಮೇಲೆ ಕಟ್ಟಿದ ಆ 'ಅಕ್ಕನ ನಡಿಗೆ' ನುಡಿಸಬೇಕು. ಟಕಟಕ ಅಂತ ಮೆಟ್ಟಿಲು ಹತ್ತೋದು, ತಿರುವಿನಲ್ಲಿ ಉಸಿರು ತಗೊಳ್ಳೋದು, ಬಾಗಿಲ ಮುಂದೆ ಬ್ಯಾಗಿನೊಳಗೆ ಬೀಗದಕೈ ಹುಡುಕೋದು, ಸಿಕ್ಕಿದ ಮೇಲೆ ಒಂದು 'ಹಾಂ'. ನೀನು ಎರಡು ವರ್ಷದಿಂದ ಮನೆ ಕಡೆ ತಲೆ ಹಾಕಿಲ್ಲ. ಅವಳು ಬಾಯಿಬಿಟ್ಟು ಏನೂ ಅನ್ನಲ್ಲ, ಆದರೆ ಮೆಟ್ಟಿಲು ಹತ್ತುವಾಗ ಆ ರಾಗ ಗುನುಗೋದನ್ನ ನಿಲ್ಲಿಸಿದ್ದಾಳೆ. ನನಗೆ ಅದು ಸಹಿಸೋಕಾಗ್ತಿಲ್ಲ.

ನಿಮ್ಮ ಗುಡ್ಡದ ಸಂದಿಯಲ್ಲಿ ಫೋನು ಹಿಡಿಯಲ್ಲ, ಹಾಗಾಗಿ ಪಾಠ ಕಾಗದದಲ್ಲೇ ಆಗಬೇಕು. ನನಗೆ ಸಂಗೀತದ ಗಂಧಗಾಳಿ ಇಲ್ಲ ಅಂತ ನಿನಗೆ ಗೊತ್ತು. ಒಂದನೇ ಕ್ಲಾಸಿನಿಂದ ಹೇಳಿಕೊಡು.

ನಿನ್ನ ಭಾವ


ಅಣೆಕಟ್ಟಿನ ಗೇಟು ಮನೆ
ಸೆಪ್ಟೆಂಬರ್ 19

ಭಾವ, ನಮಸ್ಕಾರ.

ಟೈಪ್ ಮಾಡಿದ್ದಕ್ಕೆ ಬೈಬೇಡಿ. ಆಫೀಸಿನ ಟೈಪ್ ಮಿಷನ್ ಸುಮ್ಮನೆ ತುಕ್ಕು ಹಿಡೀತಾ ಕೂತಿತ್ತು, ಪಾಪ ಅನ್ನಿಸಿತು. ನನ್ನ ಅಕ್ಷರ ಓದೋಕೆ ನೀವು ನಿಮ್ಮದೇ ಅಂಗಡಿಯ ದಪ್ಪ ಗಾಜು ಹಾಕ್ಕೋಬೇಕಿತ್ತು, ಅದೂ ತಪ್ಪಿತು.

ಪಾಠಕ್ಕೆ ಬರ್ತೀನಿ. ಕೈಯಿಲ್ಲದ ಕುರ್ಚಿಯ ತುದಿಯಲ್ಲಿ ಕೂತ್ಕೊಳ್ಳಿ. ದುಂಡಗಿರೋದು ತೊಡೆ ಮೇಲೆ, ಉದ್ದ ಕುತ್ತಿಗೆ ನಿಮ್ಮ ಬಲಕ್ಕೆ. ಬಲಗೈ ಹೆಬ್ಬೆರಳು ಕುತ್ತಿಗೆಯ ಹಿಂದೆ ಇರಲಿ, ಮಿಕ್ಕ ಬೆರಳು ಮುಂದೆ ಬಂದು ಮೂರು ಜಾಗದಲ್ಲಿ ಒಟ್ಟಿಗೆ ತಂತಿ ಒತ್ತಬೇಕು. ಮೀಟೋದು ಎಡಗೈ. ಎಡಗೈ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಪೆಟ್ಟಿಗೆಯಲ್ಲಿರೋ ಮೂರು ಲೋಹದ ಉಗುರು ಸಿಕ್ಕಿಸಿಕೊಳ್ಳಿ. ಐದು ತಂತಿಯಲ್ಲಿ ಒಂದು ಗಿಡ್ಡ ಇದೆಯಲ್ಲ, ಅದು ಹೆಬ್ಬೆರಳಿನ ಸ್ವಂತ ಆಸ್ತಿ, ಬೇರೆ ಬೆರಳು ಅಲ್ಲಿ ಕಾಲಿಡಬಾರದು. ಹೆಬ್ಬೆರಳು, ತೋರು, ಹೆಬ್ಬೆರಳು, ನಡು. ಇದನ್ನ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಕೈ ಮಾಡಬೇಕು.

ನನ್ನ ಹೊಸ ಬ್ಯಾಂಜೋ ಭರ್ಜರಿಯಾಗಿದೆ. ಸಂಜೆ ಗೇಟಿನವರೆಲ್ಲ ಸುತ್ತ ಕೂರ್ತಾರೆ. ರಜೆ ಮಾತ್ರ ಸಿಗಲ್ಲ ಭಾವ, ಜನ ಕಡಿಮೆ. ಅಕ್ಕನಿಗೆ ನೀವೇ ಏನಾದ್ರೂ ಸಮಾಧಾನ ಹೇಳಿ.

ಗುಂಡ


ಕನ್ನಡಕದ ಅಂಗಡಿ
ಅಕ್ಟೋಬರ್ 11

ಗುಂಡ,

ಈ ವಯಸ್ಸಿನಲ್ಲಿ ನನಗೊಂದು ಸತ್ಯ ಗೊತ್ತಾಯ್ತು. ನನ್ನ ಎಡಗೈ ಇಷ್ಟು ವರ್ಷ ಬಿಟ್ಟಿ ಕೂಳು ತಿಂದಿದೆ. ಬಲಗೈ ದುಡಿಯುವಾಗ ಇದು ಟವಲ್ ಹಿಡ್ಕೊಂಡು ನಿಂತಿತ್ತು, ಅಷ್ಟೇ. ಈಗ ಅದಕ್ಕೆ ಕೆಲಸ ಹೇಳಿದ್ರೆ ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ ಆಡುತ್ತೆ. ಹೆಬ್ಬೆರಳು ಅಂದ್ರೆ ಕಿರುಬೆರಳು ಎದ್ದು ನಿಲ್ಲುತ್ತೆ.

ಬಲಗೈ ಕಥೆ ಬೇರೆ. ದಿನವಿಡೀ ಸಣ್ಣ ಸ್ಕ್ರೂ ತಿರುಗಿಸಿ ತಿರುಗಿಸಿ ಅದರ ಬೆರಳಿಗೆ ಹತ್ತಿರ ಬರೋದು ಗೊತ್ತು, ಅಗಲ ಆಗೋದು ಗೊತ್ತಿಲ್ಲ. ನೀನು ಹೇಳಿದ ಮೂರು ಜಾಗ ಒಟ್ಟಿಗೆ ಒತ್ತೋಕೆ ಹೋದರೆ ಭುಜದವರೆಗೂ ಸೆಳೆತ. ಬ್ಯಾಂಜೋ ಕಂಡುಹಿಡಿದವನು ಮನುಷ್ಯರ ಮೇಲೆ ಯಾವ ಸಿಟ್ಟು ಇಟ್ಟುಕೊಂಡಿದ್ದನೋ, ಬಲಗೈಯಂಥ ಬಲಗೈಗೆ ಒತ್ತೋ ಚಾಕರಿ ಕೊಟ್ಟು, ಏನೂ ಬಾರದ ಎಡಗೈಗೆ ಯಜಮಾನಿಕೆ ಕೊಟ್ಟಿದ್ದಾನೆ.

ಅಂಗಡಿ ಬಾಗಿಲು ಹಾಕಿದ ಮೇಲೆ ಒಳಕೋಣೆಯಲ್ಲಿ, ಗಾಜು ಉಜ್ಜೋ ಯಂತ್ರ ಓಡಿಸಿಕೊಂಡು ಅಭ್ಯಾಸ ಮಾಡ್ತೀನಿ, ಸದ್ದು ಹೊರಗೆ ಕೇಳಬಾರದು ಅಂತ. ಮೊನ್ನೆ ಒಬ್ಬರು ಬಾಗಿಲು ತಟ್ಟಿ, "ಯಂತ್ರಕ್ಕೆ ಎಣ್ಣೆ ಹಾಕಿಸಿ, ತುಂಬಾ ನರಳ್ತಿದೆ" ಅಂದು ಹೋದರು. ನಿನ್ನೆ ಉಗುರು ಕಳಚೋದು ಮರೆತು ಒಬ್ಬ ಹೆಂಗಸಿಗೆ ಕನ್ನಡಕ ತೊಡಿಸೋಕೆ ಹೋದೆ. ಆಕೆ ನನ್ನ ಕೈ ನೋಡಿ ಕುರ್ಚಿ ಸಮೇತ ಹಿಂದೆ ಸರಿದಳು. ಇನ್ನು ಆ ಗಿರಾಕಿ ನಮ್ಮ ಅಂಗಡಿಗೆ ಬರಲ್ಲ.

ಬಿಡೋದಿಲ್ಲ ನಾನು. ಮುಂದಿನ ಪಾಠ ಕಳಿಸು.

ಭಾವ


ಗೇಟು ಮನೆ
ಅಕ್ಟೋಬರ್ 30

ಭಾವ,

ಒತ್ತೋದನ್ನ ಸದ್ಯಕ್ಕೆ ಮರೆತುಬಿಡಿ. ಬಲಗೈ ಸುಮ್ಮನೆ ಕುತ್ತಿಗೆ ಹಿಡಿದಿರಲಿ. ಬರೀ ಎಡಗೈ ಮೀಟು ಅಭ್ಯಾಸ ಮಾಡಿ. 'ಅಕ್ಕನ ನಡಿಗೆ'ಯ ಜೀವ ಇರೋದೇ ಮೀಟಿನಲ್ಲಿ. ಮೀಟು ಬಂದರೆ ಅಕ್ಕ ಮೆಟ್ಟಿಲು ಹತ್ತುತ್ತಾಳೆ, ಬರದಿದ್ದರೆ ಮೆಟ್ಟಿಲಿಂದ ಉರುಳುತ್ತಾಳೆ. ಬೀಗದಕೈ ಹುಡುಕೋ ಜಾಗದಲ್ಲಿ ಅವಸರವೂ ಬೇಡ, ನಿಧಾನವೂ ಬೇಡ. ಅಕ್ಕ ಎಷ್ಟು ಹೊತ್ತು ಹುಡುಕುತ್ತಾಳೋ ಅಷ್ಟೇ.

ಅಕ್ಕನ ಕಾಗದ ಬಂದಿತ್ತು. "ನಿಮ್ಮ ಭಾವ ದಿನಾ ತಡವಾಗಿ ಬರ್ತಾರೆ, ಊಟಕ್ಕೆ ಕೂತಾಗ ಎಡಗೈಯಲ್ಲಿ ಮೇಜು ಕುಟ್ಟುತ್ತಾರೆ, ಇದು ನರದ ಕಾಯಿಲೆಯಾ" ಅಂತ ಕೇಳಿದ್ದಾಳೆ. ಚಳಿಗೆ ಇರಬೇಕು ಅಂತ ಬರೆದಿದ್ದೀನಿ. ಮೇಜು ಕುಟ್ಟೋದು ಕಡಿಮೆ ಮಾಡಿ.

ಗುಂಡ


ಕನ್ನಡಕದ ಅಂಗಡಿ
ಡಿಸೆಂಬರ್ 6

ಗುಂಡ,

ಕೂತ್ಕೊ, ಖುಷಿ ಸುದ್ದಿ. ಮೀಟು ಬಂತು. ಬಂತು ಅಂದ್ರೆ ಹೇಗೆ, ಹೋದ ಮಂಗಳವಾರ ಬೇರೇನೋ ಯೋಚನೆ ಮಾಡ್ತಾ ಕೂತಿದ್ದೆ, ಕೈ ಪಾಡಿಗೆ ಕೈ ನಡೀತಾ ಇತ್ತು. ಟಕಟಕ ಟಕಟಕ, ನಿಮ್ಮಕ್ಕನೇ ಮೆಟ್ಟಿಲು ಹತ್ತಿ ಬರ್ತಿದ್ದಾಳೆ ಅನ್ನಿಸಿ ಗಾಬರಿಯಾಗಿ ಬ್ಯಾಂಜೋ ಮುಚ್ಚಿಟ್ಟೆ. ಸುಳ್ಳು ಯಾಕೆ ಹೇಳಲಿ, ಕಣ್ಣಲ್ಲಿ ನೀರು ಬಂತು. ಒತ್ತೋ ಕೈ ಮಾತ್ರ ಇನ್ನೂ ದಡ್ಡ.

ಆ ಹುಮ್ಮಸ್ಸಿನಲ್ಲಿ ಶನಿವಾರ ವಾದ್ಯದಂಗಡಿ ಮಹಡಿಗೆ ಹೋದೆ. ಅಲ್ಲಿ ಬ್ಯಾಂಜೋ ಕಲಿಯುವವರು ಸೇರ್ತಾರೆ. ನಮ್ಮ ಬೀದಿ ಕ್ಷೌರಿಕನೂ ಇದ್ದ, ಅವನ ಎಡಗಡೆ ಜಾಗ ಖಾಲಿ ಇತ್ತು, ಕೂತೆ. ನುಡಿಸೋಕೆ ಶುರು ಮಾಡಿದ ತಕ್ಷಣ ನನ್ನ ಬ್ಯಾಂಜೋ ಕುತ್ತಿಗೆ ಅವನದಕ್ಕೆ ಠಣ್ ಅಂತ ಹೊಡೀತು. ತಿರುಗಿ ನೋಡ್ತೀನಿ, ಅವನದು ಎಡಕ್ಕೆ. ಸಾಲು ಪೂರ್ತಿ ನೋಡಿದೆ, ಎಲ್ಲರದೂ ಎಡಕ್ಕೆ. ಹೇಳಿಕೊಡೋ ಹಿರಿಯರದ್ದು ಕೂಡ. ಗುಂಡ, ಅಷ್ಟೂ ಜನ ತಿರುಗಾಮುರುಗಾ ಹಿಡ್ಕೊಂಡಿದ್ದಾರೆ ಕಣೋ.

ಪಾಪ, ಯಾರೂ ಸರಿಯಾಗಿ ಹೇಳಿಕೊಟ್ಟಿಲ್ಲ. ನಾನೇ ಎದ್ದು ನಿಂತು ವಿನಯದಿಂದಲೇ ಹೇಳಿದೆ, ನನ್ನ ಬಾಮೈದ ಇದರಲ್ಲಿ ಪಳಗಿದ ಕೈ, ಎಡಗೈಯಲ್ಲೇ ಮೀಟಬೇಕು, ಈಗಲೂ ಕಾಲ ಮಿಂಚಿಲ್ಲ ಅಂತ. ಎಲ್ಲರೂ ತಲೆ ತಗ್ಗಿಸಿ ತಂತಿ ಒರೆಸೋಕೆ ಶುರು ಮಾಡಿದರು. ನಾಚಿಕೆಯಾಗಿರಬೇಕು. ಆ ಹಿರಿಯರು ನನಗೆ ಟೀ ತರಿಸಿಕೊಟ್ಟು, "ಎಷ್ಟು ದಿನದಿಂದ ಹೀಗೆ?" ಅಂತ ಮೆಲ್ಲಗೆ ಕೇಳಿದರು. ಕ್ಷೌರಿಕ ಒಬ್ಬನಿಗೆ ಮಾತ್ರ ನನ್ನ ಮಾತು ನಾಟಿತು. ಅಲ್ಲೇ ತಂತಿ ಬಿಚ್ಚಿ ತಿರುಗಿಸಿ ಹಾಕ್ಕೊಂಡ.

ನಿನ್ನಿಂದ ನಾಲ್ಕು ಜನಕ್ಕೆ ಉಪಕಾರ ಆಗ್ತಿದೆ ಅಂತ ಹೆಮ್ಮೆಯಾಯ್ತು.

ಭಾವ


ಗೇಟು ಮನೆ
ಡಿಸೆಂಬರ್ 22

ಭಾವ,

ಈ ಕಾಗದವನ್ನ ನಿಂತು ಓದಬೇಡಿ. ಹತ್ತಿರದಲ್ಲಿ ಎಸೆಯೋಕೆ ಬರೋ ಸಾಮಾನು ಏನಾದ್ರೂ ಇದ್ದರೆ ದೂರ ಇಡಿ.

ನಾನು ಎಡಚ.

ಹುಟ್ಟಿದಾಗಿನಿಂದ. ಊಟ ಒಂದು ಬಿಟ್ಟು ಮಿಕ್ಕ ಕೆಲಸವೆಲ್ಲ ಎಡಗೈಯಲ್ಲೇ. ಆ ಬ್ಯಾಂಜೋ ಎಡಚರಿಗೇ ಅಂತ ಮಾಡಿಸಿದ್ದು. ನಿಮಗೆ ಪಾಠ ಬರೆಯುವಾಗ ನನ್ನ ಕೈ ನೋಡ್ಕೊಂಡು ಬರೆದೆ. ಜಗತ್ತಿಗೆಲ್ಲ ಬೇರೆ ಥರ ಕೈ ಇರುತ್ತೆ ಅನ್ನೋದು ತಲೆಗೇ ಹೋಗಲಿಲ್ಲ. ನೀವು ಕೈ ಬೈದುಕೊಂಡಾಗಲೂ, ಕಲಿಯುವವರು ಎಲ್ಲರೂ ಹೀಗೇ ಗೋಳಾಡ್ತಾರೆ ಅಂದುಕೊಂಡೆ. ನಿಮಗೆ ಗೊತ್ತಿದೆ ಅಂತಲೇ ನಾನು ತಿಳಿದಿದ್ದೆ. ಎಷ್ಟು ವರ್ಷ ನನ್ನೆದುರು ಕೂತು ಕೇಳಿದ್ದೀರಿ.

ಮಹಡಿಯವರು ಸರಿ ಭಾವ. ಆ ಕ್ಷೌರಿಕನಿಗೆ ದಯವಿಟ್ಟು ಬೇಗ ಹೇಳಿ.

ತಪ್ಪಾಯ್ತು.

ಗುಂಡ


ಕನ್ನಡಕದ ಅಂಗಡಿ
ಜನವರಿ 16

ಮಾನ್ಯ ಗೇಟು ಆಪರೇಟರ್ ಅವರಿಗೆ,

ತಮ್ಮ ಕಾಗದ ತಲುಪಿತು. ಉತ್ತರ ತಡವಾದದ್ದಕ್ಕೆ ಕಾರಣ, ಕೋಪ.

ಹೌದು, ನಿಮ್ಮೆದುರು ಕೂತು ನೋಡಿದ್ದೇನೆ. ಕನ್ನಡಿಯಲ್ಲಿ ಕಂಡ ಹಾಗೆ ಎದುರಿಗೆ ಕೂತಾಗ ಎಲ್ಲವೂ ತಿರುಗಿ ಕಾಣಿಸುತ್ತೆ ಅಂದುಕೊಂಡಿದ್ದೆ. ನಾನು ಜನರ ಕಣ್ಣು ನೋಡಿ ಬದುಕುವವನು, ಕೈ ನೋಡಿ ಅಲ್ಲ.

ಮಹಡಿಗೆ ಹೋಗಿ ಎಲ್ಲರ ಮುಂದೆ ಕೈಮುಗಿದು ಬಂದೆ. ಹಿರಿಯರು, "ಬಾಮೈದ ಎಡಚ ಇರಬೇಕು ಅಂತ ನಾವೂ ಅಂದ್ಕೊಂಡ್ವಿ, ನೊಂದುಕೊಳ್ತೀರಿ ಅಂತ ಹೇಳಲಿಲ್ಲ" ಅಂದರು. ಕ್ಷೌರಿಕ ಮಾತು ಬಿಟ್ಟಿದ್ದಾನೆ. ಅಷ್ಟು ದಿನ ತಿರುಗಿಸಿ ನುಡಿಸಿ ಈಗ ಅವನಿಗೆ ಎರಡು ಕಡೆಯೂ ಬರ್ತಿಲ್ಲವಂತೆ. ಹೋದ ವಾರ ಕೂದಲು ಕತ್ತರಿಸಿಕೊಳ್ಳೋಕೆ ಕೂತಾಗ ನನ್ನ ಕಿವಿ ಪಕ್ಕ ಕತ್ತರಿ ಬೇಕಂತಲೇ ಎರಡು ಸಲ ಜಾಸ್ತಿ ಆಡಿಸಿದ.

ಸಭೆಗೆ ಆರು ವಾರ ಇದೆ. ಈಗ ತಿರುಗಿ ಒಂದನೇ ಕ್ಲಾಸಿಗೆ ಸೇರೋಕೆ ನನ್ನ ಕೈಲಾಗಲ್ಲ. ಸೋತೆ. ನಿನ್ನ ಬ್ಯಾಂಜೋ ಸೋಮವಾರದ ಬಸ್ಸಿಗೆ ಹಾಕ್ತೀನಿ. ನಿನ್ನ ಹತ್ತಿರ ಭರ್ಜರಿ ಹೊಸದು ಇದೆಯಲ್ಲ, ಅದನ್ನ ತಗೊಂಡು ನೀನೇ ಬಾ, ನೀನೇ ನುಡಿಸು. ನಿಮ್ಮಕ್ಕನಿಗೆ ಬೇಕಾಗಿರೋದೂ ನೀನೇ, ನಾನಲ್ಲ. ಎರಡು ವರ್ಷ ಒಂದು ದಿನ ರಜೆ ಕೊಡದ ಅಣೆಕಟ್ಟು ಭೂಮಿ ಮೇಲೆ ಎಲ್ಲೂ ಇಲ್ಲ. ನೀನು ಬರದಿದ್ದರೆ ಈ ಮಾತನ್ನ ಅವಳಿಗೆ ನಾನೇ ಹೇಳಬೇಕಾಗುತ್ತೆ.

ಭಾವ


ಗೇಟು ಮನೆ
ಜನವರಿ 23

ಭಾವ,

ಬ್ಯಾಂಜೋ ಕಳಿಸಬೇಡಿ.

ಈ ಸಲ ಕೈಯಲ್ಲೇ ಬರೀತಿದ್ದೀನಿ. ಇದು ಬಲಗೈ, ಹಾಗಾಗಿ ಅಕ್ಷರ ಹೀಗಿದೆ. ಹೊಸ ಬ್ಯಾಂಜೋ ಇಲ್ಲ. ಎರಡೂವರೆ ವರ್ಷದ ಹಿಂದೆ ಗೇಟು ಎತ್ತುವಾಗ ಸರಪಳಿಗೆ ಎಡಗೈ ಸಿಕ್ಕಿತು. ತೋರುಬೆರಳು, ನಡುಬೆರಳು ಇವೆ, ಆದರೆ ಮಡಚಲ್ಲ, ಮುಟ್ಟಿದ್ದೂ ಗೊತ್ತಾಗಲ್ಲ. ಈಗ ನನ್ನನ್ನ ಗೇಟಿನಿಂದ ಆಫೀಸಿಗೆ ಹಾಕಿದ್ದಾರೆ. ಟೈಪ್ ಮಿಷನ್ ಅದಕ್ಕೇ.

ಈ ಕೆಲಸಕ್ಕೆ ಸೇರಬೇಡ ಅಂತ ಅಕ್ಕ ಎಷ್ಟು ಹೇಳಿದ್ದಳು. ಬಂದರೆ ಮೊದಲು ಕೈ ನೋಡ್ತಾಳೆ. ಆಮೇಲೆ ನುಡಿಸು ಅಂತಾಳೆ. ನುಡಿಸೋಕಾಗಲ್ಲ ಅಂತ ಅವಳ ಮುಖ ನೋಡಿ ಹೇಳೋ ಧೈರ್ಯ ನನಗಿಲ್ಲ. ನೀವು ಕೇಳಿದಾಗ ಅದು ಸುಮ್ಮನೆ ಮೂಲೇಲಿ ಬೀಳೋ ಬದಲು ಮನೆಯಲ್ಲಿರಲಿ ಅಂತ ಕಳಿಸಿದೆ. ಈಗ ವಾಪಸ್ ಬಂದರೆ ನನಗೆ ನೋಡೋಕಾಗಲ್ಲ.

ಅಕ್ಕನಿಗೆ ಹೇಳಬೇಡಿ.

ಗುಂಡ


ಕನ್ನಡಕದ ಅಂಗಡಿ
ಜನವರಿ 30

ಗುಂಡ, ಮಗನೇ,

ನಿನ್ನ ಕಾಗದ ಓದಿ ಅಂಗಡಿ ಬಾಗಿಲು ಎಳೆದುಕೊಂಡೆ. ಟೈಪ್ ಮಾಡಿದ್ದಕ್ಕೆ ನಿನ್ನನ್ನ ಆಡಿಕೊಂಡೆ, ನೋಟೀಸು ಅಂದೆ, ರಜೆ ಬಗ್ಗೆ ಕೊಂಕು ಮಾತಾಡಿದೆ. ತುಂಬಾ ಸಂಕಟ ಆಯ್ತು ಕಣೋ. ನಿಮ್ಮಕ್ಕನಿಗೆ ನಾನು ಹೇಳಿಲ್ಲ. ಅದನ್ನ ನೀನೇ ಹೇಳಬೇಕು.

ಆಮೇಲೆ ಮುಖ ತೊಳೆದು, ಬಾಗಿಲು ತೆಗೆದೆ. ಅಷ್ಟರಲ್ಲಿ ಒಬ್ಬ ಮುದುಕ ಎರಡು ಕನ್ನಡಕ ತಂದ. ಒಂದರ ಗಾಜು ಒಡೆದಿತ್ತು, ಇನ್ನೊಂದರ ಕಡ್ಡಿ ಮುರಿದಿತ್ತು. "ಎರಡೂ ಸೇರಿಸಿ ಒಂದು ಮಾಡಿಕೊಡಪ್ಪ" ಅಂದ. ಜೀವಮಾನವೆಲ್ಲ ನಾನು ಮಾಡಿದ ಕೆಲಸ ಅದೇ. ಸ್ಕ್ರೂ ತಿರುಗಿಸ್ತಾ ಇದ್ದ ಹಾಗೇ ಹೊಳೀತು, ನನ್ನ ಕೈ ಅಲ್ಲೇ ನಿಂತಿತು.

ಈಗ ಕೇಳು, ಮಧ್ಯೆ ಬಾಯಿ ಹಾಕಬೇಡ. ನನ್ನ ಎಡಗೈಗೆ ಮೀಟು ಬಂದಿದೆ, ಬಲಗೈಗೆ ಒತ್ತೋದು ಬರಲ್ಲ. ನಿನ್ನ ಎಡಗೈ ಕೆಟ್ಟಿದೆ, ಒತ್ತೋ ಬಲಗೈ ಸರಿಯಾಗಿದೆ. ನಾನು ಬ್ಯಾಂಜೋ ತೊಡೆ ಮೇಲೆ ಇಟ್ಟು ಮೀಟ್ತೀನಿ. ಕುತ್ತಿಗೆ ನನ್ನ ಬಲಕ್ಕೆ ಚಾಚಿರುತ್ತೆ. ಅಲ್ಲಿ, ಆ ಕ್ಷೌರಿಕ ಕೂತಿದ್ದ ಜಾಗದಲ್ಲಿ, ನೀನು ಕೂತ್ಕೊ. ನಿನ್ನ ಎದೆ ಮುಂದೆ ಹಾದು ಅದು ನಿನ್ನ ಬಲಗೈಗೆ ತಾನಾಗೇ ಬಂದು ಸೇರುತ್ತೆ. ನಾನು ಊರಿನವರೆಲ್ಲರ ಹಾಗೆ ಸರಿಯಾಗಿ ಕಲಿತಿದ್ದರೆ ಕುತ್ತಿಗೆ ಎಡಕ್ಕೆ ಹೋಗ್ತಿತ್ತು, ನಿನ್ನ ಕೆಟ್ಟ ಕೈ ಬೇಕಾಗ್ತಿತ್ತು, ಇದು ಯಾವುದೂ ಆಗ್ತಿರಲಿಲ್ಲ. ನೀನು ತಪ್ಪು ಹೇಳಿಕೊಟ್ಟಿದ್ದು ಎಷ್ಟು ಒಳ್ಳೇದಾಯ್ತು ನೋಡು.

ಎರಡು ದಿನ ಮುಂಚೆ ಬಾ. ಅಭ್ಯಾಸ ಬೇಕು. ಇಲ್ಲ ಅಂದರೆ ಡ್ರೈವರುಗಳ ಮುಂದೆ ನಾನೊಬ್ಬನೇ ಒತ್ತದೆ ಮೀಟಿ ಮಾನ ಕಳ್ಕೊಳ್ತೀನಿ, ಆ ಪಾಪ ನಿನಗೇ.

ಭಾವ


ಗೇಟು ಮನೆ
ಫೆಬ್ರವರಿ 10

ಭಾವ,

ಬಲಗೈ ಚೆನ್ನಾಗಿದೆ. ನಿಮ್ಮ ಕಾಗದ ಬಂದಾಗಿನಿಂದ ಮೇಜಿನ ಅಂಚು ಒತ್ತಿ ಒತ್ತಿ ನೋಡ್ತಿದ್ದೀನಿ. ಬೆರಳಿಗೆ ಜಾಗ ಎಲ್ಲ ನೆನಪಿದೆ.

ರಜೆಗೆ ಬರೆದುಕೊಟ್ಟೆ. ಸಾಹೇಬರು, "ಇಷ್ಟು ದಿನ ಕೇಳಲೇ ಇಲ್ಲವಲ್ಲ" ಅಂದರು. ಇಪ್ಪತ್ತಾರಕ್ಕೆ ಬರ್ತೀನಿ. ಬಸ್ ಸ್ಟ್ಯಾಂಡಿನಲ್ಲಿ ನೀವೂ ಇರಿ. ಅಕ್ಕನ ಮುಂದೆ ಒಬ್ಬನೇ ಇಳಿಯೋಕೆ ಭಯ.

ಗುಂಡ


ಮನೆ
ಮಾರ್ಚ್ 13

ಗುಂಡ,

ನೀನು ಬಿಟ್ಟು ಹೋದ ಮಫ್ಲರ್ ನಿಮ್ಮಕ್ಕ ಒಗೆದು ಇಟ್ಟಿದ್ದಾಳೆ, ಕಳಿಸಲ್ಲವಂತೆ. ಬಂದು ತಗೊಂಡು ಹೋಗಬೇಕಂತೆ.

ನುಡಿಸುವಾಗ ನೀನು ತಲೆ ತಗ್ಗಿಸಿ ಬೆರಳು ನೋಡ್ತಿದ್ದೆ, ನಿನಗೆ ಏನೂ ಕಾಣಲಿಲ್ಲ. ನಾನು ನೋಡಿದೆ, ಹೇಳ್ತೀನಿ. ನಾವು ಒಂದೇ ಬ್ಯಾಂಜೋ ಹಿಡಿದು ಬೆಂಚಿನ ಮೇಲೆ ಅಂಟಿಕೊಂಡು ಕೂತಾಗ ಡ್ರೈವರುಗಳು ನಕ್ಕರು. ಡಿಪೋ ಮ್ಯಾನೇಜರು ಎರಡನೇ ಬ್ಯಾಂಜೋ ತರಿಸಬೇಕಾ ಅಂತ ಪಕ್ಕದವರನ್ನ ಕೇಳ್ತಿದ್ದರು. ಟಕಟಕ ಶುರುವಾಗಿದ್ದೇ ನಗು ನಿಂತಿತು. ನಿಮ್ಮಕ್ಕ ಅಭ್ಯಾಸಬಲದಿಂದ ಗಡಿಯಾರ ನೋಡ್ಕೊಂಡಳು. ಆಮೇಲೆ ಅದನ್ನ ಬಿಚ್ಚಿ ಬ್ಯಾಗಿನೊಳಗೆ ಹಾಕಿದಳು. ಇಷ್ಟು ವರ್ಷದಲ್ಲಿ ಅವಳು ಕೈಗಡಿಯಾರ ಬಿಚ್ಚಿ ಕೂತಿದ್ದನ್ನ ನಾನು ನೋಡಿಲ್ಲ.

ಬೀಗದಕೈ ಜಾಗದಲ್ಲಿ ನನಗೆ ಕೈ ನಿಂತೇ ಹೋಯ್ತಲ್ಲ, ನೀನು ಒತ್ತಿ ಹಿಡಿದು ಕಾಯ್ತಿದ್ದೆ, ಸಭೆಯೆಲ್ಲ ಗಪ್‌ಚಿಪ್. ಆಗ 'ಹಾಂ' ಅಂದಿದ್ದು ಯಾರೋ ಡ್ರೈವರ್ ಅಂದುಕೊಂಡೆಯಲ್ಲ. ಅಲ್ಲ ಕಣೋ. ಅವಳೇ. ಅಷ್ಟು ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನಿನ್ನ ಕೈ ನೋಡಿ ಬಸ್ ಸ್ಟ್ಯಾಂಡಿನಲ್ಲಿ ಬೈದಳಲ್ಲ, ಅದನ್ನ ಇನ್ನೂ ಮುಗಿಸಿಲ್ಲ. ದಿನಾ ಬೆಳಿಗ್ಗೆ ಸ್ವಲ್ಪ ಬೈತಾಳೆ. ನೀನಿಲ್ಲದ್ದಕ್ಕೆ ನಾನು ಕೇಳಿಸ್ಕೊಳ್ತೀನಿ. ಆದರೆ ಮೆಟ್ಟಿಲು ಹತ್ತುವಾಗ ಗುನುಗ್ತಾಳೆ.

ನಮ್ಮ ಗುಟ್ಟು ಅವಳಿಗೆ ಮೊದಲಿಂದಲೂ ಗೊತ್ತಿತ್ತಂತೆ. ನರದ ಕಾಯಿಲೆಯಾ ಅಂತ ನಿನಗೆ ಬರೆದದ್ದು ಬರೀ ನಾಟಕವಂತೆ. "ದಿನಾ ಒಂದೇ ಹೊತ್ತು ತಡ ಮಾಡೋ ಬಸ್ಸು ತಡವಾಗಿ ಬರ್ತಿಲ್ಲ, ಅದು ಬೇರೆ ದಾರಿಯಲ್ಲಿ ಹೋಗಿ ಬರ್ತಿದೆ" ಅಂದಳು. ಒಂದು ದಿನ ಅಂಗಡಿ ಹೊರಗೆ ನಿಂತು ಕೇಳಿದಳಂತೆ. ಯಂತ್ರಕ್ಕೆ ಎಣ್ಣೆ ಹಾಕಿಸಿ ಅಂತ ಹೇಳಿ ಹೋದವರನ್ನ ಅಲ್ಲಿಗೆ ಕಳಿಸಿದ್ದೂ ಅವಳೇ. ಇಂಥವಳ ಜೊತೆ ಸಂಸಾರ ಮಾಡಿದ್ದೀನಿ ನೋಡು.

ಈಗ ನನ್ನ ಕಷ್ಟ. ಮೀಟ್ತೀನಿ, ಒತ್ತುವವರಿಲ್ಲ. ಕ್ಷೌರಿಕನನ್ನ ಕೇಳಿದೆ, ಕತ್ತರಿ ತೋರಿಸಿದ. ಏನಾದ್ರೂ ದಾರಿ ಹೇಳು.

ಭಾವ


ಗೇಟು ಮನೆ
ಏಪ್ರಿಲ್ 3

ಭಾವ,

ದಾರಿ ಆಗಿದೆ. ಇಲ್ಲಿನ ಬಡಗಿ ಒಂದು ಹಳೇ ಪೊರಕೆ ಕೋಲನ್ನ ಬ್ಯಾಂಜೋ ಕುತ್ತಿಗೆಯಷ್ಟೇ ಉದ್ದಕ್ಕೆ ಕೊಯ್ದು, ಒಂದು ಕಡೆ ಚಪ್ಪಟೆ ಮಾಡಿ, ಬಿಗಿಯಾಗಿ ದಾರ ಎಳೆದು ಕೊಟ್ಟಿದ್ದಾನೆ. ಸದ್ದಿಲ್ಲ, ದುಂಡು ಇಲ್ಲ, ಬರೀ ಕುತ್ತಿಗೆ. ಗೇಟಿನವರು, ಕೈ ಹೋಯ್ತು, ಈಗ ತಲೆಯೂ ಹೋಗ್ತಿದೆ ಅಂತ ಮಾತಾಡ್ಕೊಳ್ತಿದ್ದಾರೆ.

ಭಾನುವಾರ ಸಂಜೆ ಆರಕ್ಕೆ ನೀವು ಅಲ್ಲಿ ಮೀಟಿ, ನಾನು ಇಲ್ಲಿ ಒತ್ತುತ್ತೀನಿ ಅಂತ ಹೋದ ಕಾಗದದಲ್ಲಿ ಬರೆದಿದ್ದೆನಲ್ಲ, ಹಾಗೇ ಹೋದ ಭಾನುವಾರ ಕೋಲು ಹಿಡಿದು ಕಟ್ಟೆ ಮೇಲೆ ಕೂತಿದ್ದೆ. ಮೆಟ್ಟಿಲು ಚೆನ್ನಾಗಿ ಹತ್ತಿದಿರಿ. ತಿರುವಿನಲ್ಲಿ ಉಸಿರೂ ಸರಿಯಾಗಿ ಬಂತು. ಬೀಗದಕೈ ಹುಡುಕೋ ಜಾಗದಲ್ಲಿ ಮಾತ್ರ ಎಂದಿನ ಹಾಗೆ ತಡ ಮಾಡಿದಿರಿ. ಹೇಗೆ ಗೊತ್ತಾಯ್ತು ಅಂತ ಕೇಳಬೇಡಿ. ಅಕ್ಕ 'ಹಾಂ' ಅನ್ನೋವರೆಗೂ ನಾನು ಒತ್ತಿ ಹಿಡ್ಕೊಂಡೇ ಇದ್ದೆ.

ಗುಂಡ